ಪಕ್ಕದ ಹಾಸಿಗೆಯ ಮುಯ್ಯಾಳು

ಮೊದಲು ಜೋಮು ಹಿಡಿದದ್ದು ಕಾಲಿನ ಬೆರಳುಗಳು. ಅಂಗಡಿಯಲ್ಲಿ ಒಂದೇ ಕಡೆ ಕೂತು ಕೂತು ಹೀಗಾಗಿದೆ ಅಂದುಕೊಂಡು ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೇಗೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಹತ್ತಿರ ನನ್ನದೊಂದು ಪುಟ್ಟ ಫ್ಯಾನ್ಸಿ ಸ್ಟೋರಿದೆ. ಬಳೆ, ಕ್ಲಿಪ್ಪು, ರಿಬ್ಬನ್ನು, ಮಕ್ಕಳ ಪೆನ್ಸಿಲ್ಲು ಇಂಥವು. ನಾನು ಸಾಮಾನು ಮಾರುವುದಕ್ಕಿಂತ ಮಾತು ಮಾರುವುದೇ ಜಾಸ್ತಿ ಅಂತ ನಮ್ಮನೆಯವರು ಹಂಗಿಸುತ್ತಾರೆ. ಸುಳ್ಳೇನಲ್ಲ. ನನಗೆ ಬಾಯಿ ಜೋರು, ಅದರಿಂದಲೇ ಅಂಗಡಿ ನಡೆಯುತ್ತದೆ.

ಮಾರನೆಯ ದಿನ ಚಾಪೆಯಿಂದ ಏಳಲು ಹೋದರೆ ಮಂಡಿ ನಿಲ್ಲಲಿಲ್ಲ. ಅತ್ತೆ ಹರಳೆಣ್ಣೆ ಬಿಸಿಮಾಡಿ ಕಾಲು ನೀವಿದರು. ಬೇಗೂರಿನ ಡಾಕ್ಟರು ನಿಶ್ಶಕ್ತಿ ಅಂತ ಮಾತ್ರೆ ಕೊಟ್ಟರು. ಅದರ ಮರುದಿನ ಬಿಂದಿಗೆ ಎತ್ತಲು ಹೋಗಿ ಬಿಂದಿಗೆಯ ಜೊತೆಗೇ ಬಿದ್ದೆ. ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಒಬ್ಬ ಎಳೆ ವಯಸ್ಸಿನ ಡಾಕ್ಟರು ರಬ್ಬರ್ ಸುತ್ತಿಗೆಯಿಂದ ನನ್ನ ಮಂಡಿಗೆ ಕುಟ್ಟಿದರು. ಕಾಲು ಅಲುಗಲಿಲ್ಲ. ಇನ್ನೊಂದು ಮಂಡಿಗೆ ಕುಟ್ಟಿದರು. ಅದೂ ಅಲುಗಲಿಲ್ಲ. ಸುತ್ತಿಗೆ ಕೆಳಗಿಟ್ಟು ನಮ್ಮನೆಯವರ ಕಡೆ ತಿರುಗಿದರು.

"ಈಗಲೇ ಚಾಮರಾಜನಗರಕ್ಕೆ ಕರ್ಕೊಂಡು ಹೋಗಿ. ಈಗಲೇ," ಅಂದರು.

ಆಂಬುಲೆನ್ಸು ತೆರಕಣಾಂಬಿ ದಾಟುವಾಗ ಸೆರಗು ಸರಿಮಾಡಿಕೊಳ್ಳೋಣ ಅಂತ ಕೈ ಎತ್ತಲು ಹೋದೆ. ಕೈ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಅನ್ನಿಸಿತ್ತು.

ಕಾಯಿಲೆಯ ಹೆಸರು ಉದ್ದದ್ದು. ಡಾಕ್ಟರುಗಳು ಜಿಬಿಎಸ್ ಅನ್ನುತ್ತಿದ್ದರು, ಅತ್ತೆ ಅದನ್ನು ಜೀಬೀಸು ಮಾಡಿಕೊಂಡರು. ಮಿಕ್ಕ ವಿವರವನ್ನು ನಾನು ಇಲ್ಲಿ ಬರೆಯುವುದಿಲ್ಲ, ಫೋನಿನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ, ಹೆದರಿಕೆಯೂ ಅದರ ಜೊತೆಗೇ ಸಿಗುತ್ತದೆ. ದೊಡ್ಡ ಡಾಕ್ಟರು ನಮ್ಮನೆಯವರಿಗೆ ಹೇಳಿದ್ದಿಷ್ಟು: "ಇದು ಕಾಲಿಂದ ಮೇಲಕ್ಕೆ ಹತ್ತುತ್ತೆ. ಒಂದು ಕಡೆ ನಿಲ್ಲುತ್ತೆ. ಆಮೇಲೆ ನಿಧಾನಕ್ಕೆ ಇಳಿಯುತ್ತೆ. ಎಲ್ಲಿ ನಿಲ್ಲುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ."

ನನ್ನ ಪಾಲಿಗೆ ಅದು ಕುತ್ತಿಗೆಯ ಮೇಲೆ ಬಂದು ನಿಂತಿತು. ಐಸಿಯುನಲ್ಲಿ ನರ್ಸು ಆಗಾಗ ಬಂದು "ಒಂದೇ ಉಸಿರಲ್ಲಿ ಒಂದು ಎರಡು ಎಣಿಸಮ್ಮ" ಅನ್ನುತ್ತಿದ್ದರು. ಎಣಿಕೆ ಸರದಿಯಿಂದ ಸರದಿಗೆ ಚಿಕ್ಕದಾಗುತ್ತಿತ್ತು. ಉಸಿರಿನ ಮಿಷನ್ನು ಪಕ್ಕದಲ್ಲೇ ತಂದು ನಿಲ್ಲಿಸಿದ್ದರು. ಅದನ್ನು ಹಾಕುವ ಹೊತ್ತಿಗೆ ಸರಿಯಾಗಿ ಕಾಯಿಲೆ ಹತ್ತುವುದನ್ನು ನಿಲ್ಲಿಸಿತು. ಅಷ್ಟರಲ್ಲಿ ನುಂಗುವುದು ಹೋಗಿತ್ತು, ಮೂಗಿಗೆ ನಳಿಗೆ ಬಂದಿತ್ತು. ಮಾತೂ ಹೋಗಿತ್ತು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಅಷ್ಟೇ. ಇಡೀ ಮೈಯಲ್ಲಿ ನನ್ನ ಮಾತು ಕೇಳುತ್ತಿದ್ದದ್ದು ಎರಡು ಕಣ್ಣು ಮಾತ್ರ.

ಆಮೇಲೆ ಹೆಂಗಸರ ವಾರ್ಡಿಗೆ ಹಾಕಿದರು. ಗೋಡೆ ಪಕ್ಕದ ಹಾಸಿಗೆ. ತಲೆಯನ್ನು ಎಡಕ್ಕೆ ತಿರುಗಿಸಿ ಮಲಗಿಸಿದರೆ ಉಸಿರು ಸಲೀಸು ಅಂತ ಹಾಗೇ ಮಲಗಿಸುತ್ತಿದ್ದರು. ಹಾಗಾಗಿ ನನಗೆ ಜಗತ್ತು ಅಂದರೆ ಎಡಗಡೆಯ ಹಾಸಿಗೆ. ಅಲ್ಲಿ ಒಂದು ಹುಡುಗಿ ಅರೆಗಣ್ಣು ಬಿಟ್ಟುಕೊಂಡು ಮಲಗಿದ್ದಳು. ಹೆಸರು ಶಬಾನಾ, ಪಿಯುಸಿ ಓದುತ್ತಿದ್ದವಳು. ಜ್ವರ ಮೆದುಳಿಗೆ ಹತ್ತಿ ಎಚ್ಚರ ತಪ್ಪಿದ್ದು ಮತ್ತೆ ಬಂದಿರಲಿಲ್ಲ. ಅವಳಿಗೂ ನುಂಗಲು ಆಗುತ್ತಿರಲಿಲ್ಲ, ಮೂಗಿಗೆ ನಳಿಗೆ. ಅವಳ ಪಕ್ಕ ಸ್ಟೂಲಿನ ಮೇಲೆ ಅವಳ ತಾಯಿ ನಸೀಮಾ. ಗುಂಡ್ಲುಪೇಟೆಯವರು, ಮನೆಯಲ್ಲೇ ಹೊಲಿಗೆ ಮಾಡುವವರು. ಮಗಳ ಜೊತೆ ಉರ್ದುವಿನಲ್ಲಿ ಒಂದೇ ಸಮನೆ ಮಾತಾಡುತ್ತಿದ್ದರು, ಅವಳು ಉತ್ತರ ಕೊಡುತ್ತಿದ್ದಾಳೆ ಅನ್ನುವ ಹಾಗೆ ನಡುವೆ ನಡುವೆ ಬಿಡುವು ಕೊಟ್ಟು.

ಕೈಲಾಗದೆ ಮಲಗುವುದು ಅಂದರೆ ಏನು ಅಂತ ಮಲಗದವರಿಗೆ ಹೇಳುವುದು ಕಷ್ಟ. ಸಾವಿನ ಭಯ ದೊಡ್ಡದು, ನಿಜ, ಆದರೆ ಅದು ಇಡೀ ದಿನ ಇರುವುದಿಲ್ಲ. ಇಡೀ ದಿನ ಇರುವುದು ನೊಣ. ಹುಬ್ಬಿನ ನವೆ. ಬೆನ್ನಿನ ಕೆಳಗೆ ಮಡಿಕೆಯಾದ ಬೆಡ್‌ಶೀಟು. ಅತ್ತೆ ನನ್ನ ಜೊತೆಗಿದ್ದರು, ಪಾಪ, ಎಲ್ಲ ಮಾಡುತ್ತಿದ್ದರು. ಆದರೆ ಅವರದು ಹೊಲದ ಕೈ. ನನ್ನನ್ನು ಮಗ್ಗುಲು ಹೊರಳಿಸಿದರೆ ಅರಿಶಿನದ ಮೂಟೆ ಹೊರಳಿಸಿದ ಹಾಗೆ. ನೋವಾದರೂ ಅಯ್ಯೋ ಅನ್ನಲು ನನಗೆ ದನಿಯಿಲ್ಲ. ನನ್ನ ಮಗಳ ವಯಸ್ಸು ಆರು, ಅವಳು ಊರಲ್ಲಿ ಅಪ್ಪನ ಹತ್ತಿರ. ಅವಳನ್ನು ನೆನೆದರೆ ಕಣ್ಣೀರು ಕಿವಿಯೊಳಕ್ಕೆ ಇಳಿಯುತ್ತಿತ್ತು, ಅದನ್ನೂ ಒರೆಸಿಕೊಳ್ಳಲಾಗುತ್ತಿರಲಿಲ್ಲ.

ಒಂದು ದಿನ ಬೆಳಗ್ಗೆ ಒಂದು ಕೂದಲೆಳೆ ನನ್ನ ಕಣ್ಣೊಳಕ್ಕೆ ಹೋಗಿ ಚುಚ್ಚುತ್ತಿತ್ತು. ಅತ್ತೆ ಕಾಫಿಗೆ ಹೋಗಿದ್ದರು. ನಸೀಮಕ್ಕ ಮಗಳ ಜೊತೆ ಮಾತಾಡುತ್ತಿದ್ದವರು ತಿರುಗಿ ನೋಡಿದರು. ಎದ್ದು ಬಂದು ಕಿರುಬೆರಳಿನ ತುದಿಯಿಂದ ಆ ಕೂದಲು ತೆಗೆದು ಕಿವಿಯ ಹಿಂದಕ್ಕೆ ಸೇರಿಸಿದರು. ಹೋಗಿ ಮತ್ತೆ ಸ್ಟೂಲಿನ ಮೇಲೆ ಕೂತರು. ಅಷ್ಟೇ ನಡೆದದ್ದು. ನಾನು ಆಸ್ಪತ್ರೆಗೆ ಸೇರಿದ ಮೇಲೆ ಅಷ್ಟು ಹಗುರವಾದ ಕೈ ನನ್ನ ಮುಖವನ್ನು ಮುಟ್ಟಿರಲಿಲ್ಲ.

ಅವತ್ತಿನಿಂದ ಮಗಳಿಗೆ ಏನು ಮಾಡಿದರೂ ಅದನ್ನೇ ಮುಂದುವರಿಸಿ ನನಗೂ ಮಾಡುತ್ತಿದ್ದರು. ಅವಳ ತುಟಿಗೆ ಒದ್ದೆ ಹತ್ತಿ ಸವರಿದರೆ ನನ್ನ ತುಟಿಗೂ. ಅವಳ ಕೈಬೆರಳು ಮಡಿಸಿ ಬಿಡಿಸಿದರೆ ನನ್ನವೂ. ಹಳೆಯ ಲುಂಗಿ ಹರಿದು, ಕೈಯಲ್ಲೇ ಹೊಲಿದು, ರಾಗಿ ತುಂಬಿ, ಹಿಮ್ಮಡಿ ಒತ್ತದ ಹಾಗೆ ಇಬ್ಬರಿಗೂ ಪುಟ್ಟ ಪುಟ್ಟ ದಿಂಬು ಮಾಡಿದರು. "ಹೂಂ ಅಂದ್ರೆ ಕಣ್ಣು ಒಂದ್ಸಲ ಮುಚ್ಚು ಮಣಿ, ಊಹೂಂ ಅಂದ್ರೆ ಎರಡು ಸಲ," ಅಂತ ಹೇಳಿಕೊಟ್ಟರು. ಬಾಯಿ ಹೋದವಳಿಗೆ ಅದು ಎಂಥ ಭಾಗ್ಯ! ಆ ದಿನ ನಾನು ಸುಮ್ಮಸುಮ್ಮನೆ ಎಷ್ಟು ಸಲ ಹೂಂ ಅಂದೆನೋ.

ಅತ್ತೆಗೆ ಮಾತ್ರ ಇದು ನುಂಗಲಾರದ ತುತ್ತಾಯಿತು. ಮೊದಮೊದಲು ನಮ್ಮವರಲ್ಲ ಅನ್ನುವ ಸಣ್ಣ ಅಳುಕು ಇತ್ತು, ಅದು ಎರಡು ದಿನಕ್ಕೆ ಹೋಯಿತು. ಹೋಗದೆ ಉಳಿದದ್ದು ಬೇರೆ.

"ಅಲ್ಲ ಕಣಮ್ಮಿ, ಅವ್ಳ್ಯಾಕೆ ನಿಂಗೆ ಇಷ್ಟು ಮಾಡ್ತಾವ್ಳೆ?" ಅಂತ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು. "ನಾವೇನು ಅವ್ಳ ಅಟ್ಟಿಗೆ ಓಗಿದ್ವಾ? ಅವ್ಳೇನು ನಮ್ಮ ಒಲಕ್ಕೆ ಬಂದಿದ್ಳಾ?"

ಈ ಮಾತು ಅರ್ಥವಾಗಬೇಕಾದರೆ ನಮ್ಮ ಅತ್ತೆ ಮಹದೇವಮ್ಮ ಎಂಥವರು ಅಂತ ಹೇಳಬೇಕು. ನಮ್ಮ ಕಡೆ ಚೆಂಡು ಹೂ ಅರಳಿದಾಗ ಎಲ್ಲರ ಹೊಲವೂ ಒಟ್ಟಿಗೇ ಅರಳುತ್ತದೆ, ಕೊಯ್ಯಲು ಆಳು ಸಿಗುವುದಿಲ್ಲ. ಆಗ ಹೆಂಗಸರು ಮುಯ್ಯಾಳು ಮಾಡಿಕೊಳ್ಳುತ್ತಾರೆ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಅತ್ತೆಯಷ್ಟು ನಿಯತ್ತಿನ ಮುಯ್ಯಾಳು ಸುತ್ತಮುತ್ತ ಇಲ್ಲ. ಜ್ವರ ಬಂದರೂ ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗುತ್ತಿದ್ದರು. "ನೀವು ಸತ್ತರೂ ದೆವ್ವವಾಗಿ ಬಂದು ಹೂ ಕೊಯ್ದು ಮುಯ್ಯಿ ತೀರಿಸಿ ಹೋಗ್ತೀರಿ ಬುಡಿ ಅತ್ತೆ" ಅಂತ ನಾನೇ ರೇಗಿಸಿದ್ದೆ. ಅವರು ನಕ್ಕಿರಲಿಲ್ಲ. ಅದು ಅವರಿಗೆ ತಮಾಷೆಯ ವಿಷಯವೇ ಅಲ್ಲ.

ಅಂಥವರಿಗೆ, ಕೊಟ್ಟದ್ದಕ್ಕೆ ಏನನ್ನೂ ಕೇಳದ ಹೆಂಗಸು ಎದುರಿಗೆ ಕೂತಿದ್ದರೆ ಹೇಗಾಗಬೇಡ? ಒಂದು ದಿನ ನೇರ ಕೇಳಿಯೇಬಿಟ್ಟರು. "ಯಾಕವ್ವ ನೀನು ನಮ್ಮ ಸೊಸೆಗೆ ಇಷ್ಟೊಂದು ಮಾಡೀಯೆ?"

ನಸೀಮಕ್ಕ ನನ್ನ ಬೆರಳು ಮಡಿಸುತ್ತಿದ್ದವರು ತಲೆ ಎತ್ತಿ, "ಕೈ ಖಾಲಿ ಇದ್ರೆ ತಲೆ ಕೆಡ್ತದೆ ಅಮ್ಮಾ" ಅಂದರು. ಮತ್ತೆ ಬೆರಳು ಮಡಿಸತೊಡಗಿದರು. ಅತ್ತೆಗೆ ಆ ಉತ್ತರ ಸಾಲಲಿಲ್ಲ. ಇಡೀ ಮಧ್ಯಾಹ್ನ ಗೊಣಗುತ್ತಿದ್ದರು.

ದಿನ ಕಳೆದ ಮೇಲೆ ನನ್ನ ಗಂಟಲು ಸ್ವಲ್ಪ ಸ್ವಲ್ಪವಾಗಿ ನುಂಗುವುದನ್ನು ಕಲಿಯಿತು. ನಳಿಗೆ ತೆಗೆದು, ಚಮಚ ಚಮಚವಾಗಿ ಗಂಜಿ ಕೊಡಿ, ಗಲ್ಲ ಎದೆಗೆ ಒತ್ತಿಸಿ ನುಂಗಿಸಿ ಅಂತ ನರ್ಸು ತೋರಿಸಿಕೊಟ್ಟರು. ಅತ್ತೆ ಮೊದಲ ಚಮಚವನ್ನೇ ತುಂಬಾ ತುಂಬಿಸಿ ಹಾಕಲು ಹೋಗಿ ನನಗೆ ನೆತ್ತಿಗೆ ಹತ್ತಿತು. ಚಮಚವನ್ನು ನಸೀಮಕ್ಕ ತೆಗೆದುಕೊಂಡರು. ಅರ್ಧ ಚಮಚ ಹಾಕುವುದು, ಕಾಯುವುದು, ನನ್ನ ಗಂಟಲು ಆಡುವುದನ್ನು ನೋಡುವುದು, ಮತ್ತೆ ಅರ್ಧ ಚಮಚ. ನಾಲಗೆಗೆ ಉಪ್ಪು ತಾಗಿದಾಗ ನನಗೆ ಅಳು ಬಂತು. ಮಹದೇವಮ್ಮನವರೂ ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತರು. ತಮ್ಮ ಸೊಸೆ ಬದುಕುತ್ತಾಳೆ ಅಂತ ಅವರಿಗೆ ನಂಬಿಕೆ ಬಂದದ್ದು ಡಾಕ್ಟರ ಮಾತಿನಿಂದಲ್ಲ, ಆ ಗಂಜಿಯಿಂದ. ಅವರಿಗೆ ಬಾಯಿಗೆ ಅನ್ನ ಇಳಿಯಿತು ಅಂದರೆ ಜೀವ ಬಂತು ಅಂತಲೇ ಅರ್ಥ.

ಅದಾದ ಎರಡು ಮೂರು ದಿನಕ್ಕೆ ನಸೀಮಕ್ಕನಿಗೆ ಊರಿಂದ ಫೋನು ಬಂತು. ಚಿಕ್ಕ ಮಗನಿಗೆ ಹುಷಾರಿಲ್ಲ, ಅಮ್ಮ ಬೇಕು ಅಂತ ಹಟ ಮಾಡುತ್ತಿದ್ದಾನೆ. ಶಬಾನಾಳನ್ನು ಬಿಟ್ಟು ಹೋಗುವುದು ಹೇಗೆ ಅಂತ ಆಕೆ ಪೇಚಾಡುತ್ತಿದ್ದರೆ ಅತ್ತೆಯ ಮುಖ ಅರಳಿತು. ತಿಂಗಳಿಂದ ಕಾಯುತ್ತಿದ್ದ ಅವಕಾಶ!

"ನೀ ಓಗಿ ಬಾ ಕಣವ್ವ. ನಾ ಇಲ್ವಾ? ನಮ್ಮ ಮಣಿನ ನೀ ನೋಡ್ಕಂಡಿಲ್ವಾ? ನಿನ್ನ ಮಗಳ ನಾ ನೋಡ್ಕತೀನಿ. ಮುಯ್ಯಿಗೆ ಮುಯ್ಯಿ."

ನಸೀಮಕ್ಕ ಹೊರಡುವಾಗ ಬಾಗಿಲ ಹತ್ತಿರ ತಿರುಗಿ ನಿಂತು ಹೇಳಿದರು. "ಅವಳಿಗೆ ಏನೂ ಕೊಡೋದು ಬೇಡ ಅಮ್ಮಾ. ಸುಮ್ನೆ ಪಕ್ಕದಲ್ಲಿ ಕೂತಿರಿ, ಸಾಕು."

ನಾನು ಆ ಮಾತನ್ನು ಕೇಳಿದೆ. ಅತ್ತೆಯೂ ಕೇಳಿದರು. ಆದರೆ ನಮ್ಮ ಹಳ್ಳಿಗಳಲ್ಲಿ ಮನೆಗೆ ಬಂದವರು ಏನೂ ಬೇಡ ಅಂದೇ ಅನ್ನುತ್ತಾರೆ. ಬೇಡ ಅಂದವರನ್ನು ಬಲವಂತ ಮಾಡಿ ಕೂರಿಸಿ ಬಡಿಸುವುದೇ ಮರ್ಯಾದೆ. ಬೇಡ ಅಂದರು ಅಂತ ಸುಮ್ಮನೆ ಕಳಿಸಿದರೆ ಊರೆಲ್ಲ ಆಡಿಕೊಳ್ಳುತ್ತದೆ. ನಸೀಮಕ್ಕ ಸಂಕೋಚಕ್ಕೆ ಹಾಗಂದರು ಅಂತಲೇ ಅತ್ತೆ ತಿಳಿದರು. ಇದನ್ನು ನಾನು ಆಮೇಲೆ ಊಹಿಸಿ ಹೇಳುತ್ತಿಲ್ಲ, ಆಕೆ ಹೋದ ಮೇಲೆ ಅತ್ತೆಯೇ ನನ್ನ ಕಡೆ ನೋಡಿ, "ಎಷ್ಟು ಸಂಕೋಚ ನೋಡು ಆ ತಾಯಿಗೆ" ಅಂದರು.

ಮಧ್ಯಾಹ್ನ ನನಗೆ ಗಂಜಿ ಉಣ್ಣಿಸಿದರು. ಕಲಿತಿದ್ದರು, ಅರ್ಧರ್ಧ ಚಮಚವನ್ನೇ ಹಾಕಿದರು. ಲೋಟದಲ್ಲಿ ಗಂಜಿ ಇನ್ನೂ ಉಳಿದಿತ್ತು. ಅದನ್ನು ಹಿಡಿದುಕೊಂಡೇ ಹೋಗಿ ಶಬಾನಾಳ ಹಾಸಿಗೆಯ ತುದಿಯಲ್ಲಿ ಕೂತರು. ಅವಳ ಹಣೆ ಸವರಿದರು.

"ಮೂಗಲ್ಲಿ ಬುಟ್ರೆ ನಾಲ್ಗೆಗೆ ರುಚಿ ಎಲ್ಲಿ ಬತ್ತದೆ ಕಂದ?" ಅಂದರು. ಚಮಚ ತುಂಬಿಸಿದರು.

ನಾನು ಕೂಗಿದೆ. ಅಂದರೆ, ಕೂಗಲು ಏನೇನು ಮಾಡಬೇಕೋ ಅಷ್ಟನ್ನೂ ಮಾಡಿದೆ. ಎದೆಯಲ್ಲಿ ಇದ್ದ ಉಸಿರನ್ನೆಲ್ಲ ಹೊರಗೆ ತಳ್ಳಿದೆ. ಹಾ ಅಂತ ಗಾಳಿ ಬಂತು. ಫ್ಯಾನಿನ ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ. ಕಣ್ಣನ್ನು ಎರಡೆರಡು ಸಲ ಮುಚ್ಚಿ ತೆಗೆದೆ. ಊಹೂಂ, ಊಹೂಂ, ಊಹೂಂ. ಅತ್ತೆಯ ಬೆನ್ನು ನನ್ನ ಕಡೆಗಿತ್ತು. ವಾರ್ಡಿನ ಆ ತುದಿಯಲ್ಲಿ ನರ್ಸು ಯಾರಿಗೋ ಡ್ರಿಪ್ ಹಾಕುತ್ತಿದ್ದರು. ಒಂದು ಬೆರಳು ಅಲುಗಿದ್ದರೆ ಮಂಚದ ಕಂಬಿಗೆ ಬಡಿದು ಸದ್ದು ಮಾಡುತ್ತಿದ್ದೆ. ಬೆರಳು ಅಲುಗಲಿಲ್ಲ. ನಾನು ನೋಡುತ್ತಾ ಮಲಗಿದ್ದೆ, ಅತ್ತೆ ಎರಡನೆಯ ಚಮಚವನ್ನೂ ಹಾಕಿದರು.

ಹುಡುಗಿಯ ಎದೆ ಒಮ್ಮೆ ಎಗರಿತು. ಗಂಟಲಿಂದ ಗೊರಗೊರ ಸದ್ದು ಬಂತು. ತುಟಿ ನೀಲಿಗಟ್ಟಿತು. ಆಗ ಮಾತ್ರ ಅತ್ತೆ "ಅಯ್ಯೋ ಸಿವನೆ" ಅಂತ ಕಿರುಚಿದರು. ನರ್ಸುಗಳು ಓಡಿ ಬಂದರು, ಮಗ್ಗುಲಾಗಿ ತಿರುಗಿಸಿದರು, ಪೈಪು ಹಾಕಿ ಗಂಟಲಲ್ಲಿದ್ದದ್ದನ್ನು ಎಳೆದರು, ಪರದೆ ಎಳೆದರು. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ಪರದೆ ಸರಿಸಿದಾಗ ಹುಡುಗಿ ಉಸಿರಾಡುತ್ತಿದ್ದಳು.

"ಏನಾಯ್ತಮ್ಮ, ಏನಾದ್ರೂ ಕೊಟ್ಟಿರಾ?" ಅಂತ ನರ್ಸು ಕೇಳಿದರು.

ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ಲೋಟ ಸೆರಗಿನೊಳಗಿತ್ತು. "ಕೆಮ್ಮಿದ್ಲು ಕಣವ್ವ" ಅಂದರು. ಅವರ ದನಿ ಚಿಕ್ಕ ಮಕ್ಕಳ ದನಿಯ ಹಾಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳುವುದು ಹೇಗೆ ಅಂತ ಗೊತ್ತಿದ್ದವರು ಗುಂಡ್ಲುಪೇಟೆಗೆ ಹೋಗಿದ್ದರು.

ಸಂಜೆ ನಸೀಮಕ್ಕ ಬಂದರು. ನರ್ಸು ಅದೇನೋ ಹೇಳಿದರು. ಆಕೆ ಮಗಳ ಮುಖ ಒರೆಸಿದರು, ಗಲ್ಲದ ಕೆಳಗೆ, ಕುತ್ತಿಗೆಯ ಮಡಿಕೆಯಲ್ಲಿ, ನಿಧಾನವಾಗಿ. ಬಟ್ಟೆಯನ್ನು ಒಮ್ಮೆ ನೋಡಿದರು. ಮಡಚಿ ಇಟ್ಟರು. ಆಮೇಲೆ ನನ್ನ ಹತ್ತಿರ ಬಂದು, "ಮಗ್ಗುಲು ಬದಲಾಯಿಸಿಲ್ಲ ಅಲ್ವಾ ಇವತ್ತು?" ಅಂತ ನನ್ನನ್ನು ಹೊರಳಿಸಿದರು. ಅವರು ನನ್ನ ಕಣ್ಣು ನೋಡದಿರಲಿ ಅಂತ ಮುಚ್ಚಿಕೊಂಡೆ.

ಮಾರನೆಯ ದಿನ ಹುಡುಗಿಗೆ ಜ್ವರ ಏರಿತು. ಎದೆಯಲ್ಲಿ ಕಫ ಅಂದರು. ಅವಳಿಗೆ ಮುಂಚೆಯೂ ಎರಡು ಸಲ ಹಾಗಾಗಿತ್ತಂತೆ, ಇಂಥ ಕಾಯಿಲೆಯಲ್ಲಿ ಆಗುತ್ತಲೇ ಇರುತ್ತದಂತೆ, ಆಸೆ ಇಟ್ಟುಕೊಳ್ಳಬೇಡಿ ಅಂತ ಮೊದಲೇ ಹೇಳಿದ್ದರಂತೆ. ಇದೆಲ್ಲ ನಾನು ಮಲಗಿದ್ದಲ್ಲೇ ಕಿವಿಗೆ ಬಿದ್ದದ್ದು. ಆ ಎರಡು ಚಮಚದಿಂದಲೇ ಆಯಿತೇ, ಹೇಗಾದರೂ ಆಗುತ್ತಿತ್ತೇ? ಕೇಳುವ ಬಾಯಿ ನನಗಿರಲಿಲ್ಲ. ಬಾಯಿದ್ದ ಅತ್ತೆಗೆ ಧೈರ್ಯವಿರಲಿಲ್ಲ. ಶಬಾನಾ ಒಂದು ಬೆಳಗಿನ ಹೊತ್ತು ಹೋದಳು.

ನಸೀಮಕ್ಕನ ಅಣ್ಣತಮ್ಮಂದಿರು ಬಂದು ಅವಳನ್ನು ಎತ್ತಿಕೊಂಡು ಹೊರಟರು. ಆಕೆ ಅವರ ಹಿಂದೆ ನಾಲ್ಕು ಹೆಜ್ಜೆ ಹೋದವರು ವಾಪಸ್ಸು ಬಂದರು. ಅತ್ತು ಅತ್ತು ಮುಖ ಊದಿತ್ತು. ಏನೋ ಮರೆತಿದ್ದಾರೆ ಅಂದುಕೊಂಡೆ. ನನ್ನ ಹಿಮ್ಮಡಿಯ ಕೆಳಗಿಂದ ಜಾರಿದ್ದ ರಾಗಿಯ ದಿಂಬನ್ನು ಸರಿಮಾಡಿ ಇಟ್ಟು ಹೋದರು. ನನಗೆ ಅವರ ಕೈ ಹಿಡಿಯಬೇಕಿತ್ತು. ಅಷ್ಟೇ ಬೇಕಿದ್ದದ್ದು, ಒಂದು ಸಲ ಕೈ ಹಿಡಿಯುವುದು. ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಸೋಲನ್ನು ನಾನು ಕಂಡಿಲ್ಲ.

ಕಾಯಿಲೆ ಹತ್ತಿದ ದಾರಿಯಲ್ಲೇ ಇಳಿಯಿತು, ಹತ್ತಿದ್ದಕ್ಕಿಂತ ಬಹಳ ನಿಧಾನವಾಗಿ. ಮೊದಲು ದನಿ ಬಂತು, ಒಡಕು ದನಿ. ಆಮೇಲೆ ಬೆರಳು. ಮನೆಗೆ ಬಂದ ಮೇಲೆ ಸೊಂಟಕ್ಕೆ ಪಂಚೆ ಕಟ್ಟಿ ನಮ್ಮನೆಯವರು ನನ್ನನ್ನು ಜಗಲಿಯ ಮೇಲೆ ನಡೆಸಿದರು. ಇಂಥ ಕಾಯಿಲೆಯಲ್ಲಿ ಮಲಗಿ ಇದನ್ನು ಯಾರಾದರೂ ಓದಿಸಿಕೊಂಡು ಕೇಳುತ್ತಿದ್ದರೆ ಅವರಿಗೊಂದು ಮಾತು: ಬರುತ್ತದೆ. ಎಲ್ಲವೂ ಬರದಿರಬಹುದು, ನನ್ನ ಎಡಪಾದ ಇವತ್ತಿಗೂ ನೆಲಕ್ಕೆ ಎಳೆಯುತ್ತದೆ. ಆದರೂ ಬಳೆ ತೊಡಿಸುವಷ್ಟು ಕೈ ಬಂದಿದೆ, ಗಿರಾಕಿಗಳ ಜೊತೆ ಜಗಳವಾಡುವಷ್ಟು ಬಾಯಿ ಬಂದಿದೆ.

ಹೋದದ್ದು ಅತ್ತೆ. ಹಾಗೆ ಹೇಳಿದರೆ ತಪ್ಪು, ಅವರು ಗಟ್ಟಿಯಾಗೇ ಇದ್ದರು. ಆದರೆ ಮುಯ್ಯಾಳಿಗೆ ಹೋಗುವುದನ್ನು ಬಿಟ್ಟರು. ಹೆಂಗಸರು ಬಂದು ಕರೆದರೆ ಸೊಂಟ ನೋವು ಅಂದರು. ಮೊಮ್ಮಗಳಿಗೆ ಮುದ್ದೆ ಮುರಿದು ಬಾಯಿಗಿಡುತ್ತಿದ್ದವರು, "ನಿಮ್ಮವ್ವನ ಕೈಲಿ ಉಣ್ಣು ಓಗು" ಅಂತ ತಟ್ಟೆ ತಳ್ಳತೊಡಗಿದರು. ನನ್ನ ಕೈ ಇನ್ನೂ ನಡುಗುತ್ತಿತ್ತು, ಮಗುವಿನ ಮೈಮೇಲೆಲ್ಲ ಅನ್ನ. ಅವರು ನೋಡುತ್ತಾ ಕೂರುತ್ತಿದ್ದರು, ಕೈ ಮುಂದೆ ಮಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ, ತಲೆ ಎತ್ತದೆ ಕೇಳಿದರು. "ನೀ ನೋಡ್ತಿದ್ದೆ ಅಲ್ವಾ ಮಣಿ ಅವತ್ತು?"

"ಹೂಂ ಅತ್ತೆ."

"ನಾನೇ ಕೊಂದ್ಬುಟ್ನಾ?"

"ಡಾಕ್ಟ್ರು ಮೊದಲೇ ಹೇಳಿದ್ರಂತೆ" ಅಂತ ತೊದಲಿದೆ. ಅವರು ತಲೆಯಾಡಿಸಿ ಮತ್ತೆ ಕಾಯಿ ಸುಲಿದರು. ಸಿಪ್ಪೆಯನ್ನು ಬದಿಗೆ ತಳ್ಳಿ, "ನನ್ನ ಒಂದ್ಸಲ ಆ ತಾಯಿ ತಾವ ಕರ್ಕಂಡೋಗು. ಬೈಯ್ಲಿ, ಒಡೀಲಿ. ಇಂಗೆ ಇರಕ್ಕಾಗಲ್ಲ ಕಣಮ್ಮಿ" ಅಂದರು.

ಬೇಡ ಅಂತ ನಾನು ಬಹಳ ಹೇಳಿದೆ. ಆಕೆ ಹೇಗೋ ಮರೆಯಲು ನೋಡುತ್ತಿರುತ್ತಾರೆ, ನಾವು ಹೋಗಿ ಗಾಯ ಕೆದಕುವುದೇಕೆ? ನಮ್ಮ ಭಾರ ಇಳಿಸಿಕೊಳ್ಳಲು ಅವರ ಮೇಲೆ ಹೊರಿಸಿ ಬರುವುದೇ? ಅತ್ತೆ ಕೇಳಲಿಲ್ಲ. ಅನ್ನ ಬಿಟ್ಟು ಕೂತರು. ಕೊನೆಗೆ ಇಬ್ಬರೂ ಬಸ್ಸು ಹತ್ತಿದೆವು.

ಗುಂಡ್ಲುಪೇಟೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹೊಲಿಗೆಯ ನಸೀಮಾ ಅಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಬಾಗಿಲು ತೆರೆದೇ ಇತ್ತು. ಹೊಸ್ತಿಲ ಒಳಗೇ ಮಿಷನ್ನು, ಅದರ ಮುಂದೆ ಆಕೆ. ತಲೆ ಎತ್ತಿ ನನ್ನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು.

"ನಡೀತಿದ್ದೀಯಾ!" ಅಂದರು. ಓಡಿ ಬಂದು ನನ್ನ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದರು. ಆಗಲೇ ನಾನು ಅಳುವುದಕ್ಕೆ ಶುರುಮಾಡಿದ್ದೆ. ನನ್ನ ದನಿಯನ್ನು ಆಕೆ ಕೇಳಿದ್ದು ಅದೇ ಮೊದಲು.

ಒಳಗೆ ಕೂರಿಸಿ ನೀರು ಕೊಟ್ಟರು. ಅತ್ತೆ ಲೋಟ ಮುಟ್ಟಲಿಲ್ಲ, ಕೂರಲೂ ಇಲ್ಲ. ನಿಂತಲ್ಲೇ ಹೇಳಿದರು. ಎಲ್ಲವನ್ನೂ ಹೇಳಿದರು, ಲೋಟದಲ್ಲಿ ಗಂಜಿ ಉಳಿದಿದ್ದು, ಹಣೆ ಸವರಿದ್ದು, ಮೊದಲ ಚಮಚ, ಎರಡನೆಯ ಚಮಚ, ಲೋಟ ಸೆರಗಲ್ಲಿ ಬಚ್ಚಿಟ್ಟದ್ದು. "ನೀ ಏನೂ ಬ್ಯಾಡ ಅಂದಿದ್ದೆ. ಸಂಕೋಚಕ್ಕೆ ಅಂದೆ ಅನ್ಕಂಡೆ ಕಣವ್ವ. ನಿನ್ನ ಮುಯ್ಯಿ ತೀರ್ಸಕ್ಕೋಗಿ ನಿನ್ನ ಮಗಳ್ನೇ ತೆಗೆದ್ಬುಟ್ಟೆ."

ನಸೀಮಕ್ಕ ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಕೈಯಲ್ಲಿ ತೀಡುತ್ತಾ ಕೂತಿದ್ದರು. ತೀಡುವುದು ನಿಂತಿತು. ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಯಾಕೆ ಕರೆದುಕೊಂಡು ಬಂದೆ ಅಂತ ನನ್ನನ್ನೇ ಶಪಿಸಿಕೊಂಡೆ.

ನಸೀಮಕ್ಕ ಬಟ್ಟೆಯ ಅಂಚನ್ನು ಹಿಡಿದುಕೊಂಡರು. "ಅಮ್ಮಾ, ನಾನೂ ಕೊಡ್ತಿದ್ದೆ."

ಅತ್ತೆ ಒಂದು ಹೆಜ್ಜೆ ಮುಂದೆ ಬಂದರು.

"ದಿನಾ ಕೊಡ್ತಿದ್ದೆ. ನರ್ಸಮ್ಮ ಆ ಕಡೆ ಹೋದಾಗ ಒಂದು ಚಮಚ ಚಹಾ, ಒಂದು ಚಮಚ ಗಂಜಿ. ಅವತ್ತು ಬೆಳಗ್ಗೇನೂ ಕೊಟ್ಟೇ ಊರಿಗೆ ಹೋದದ್ದು. ಕೆಮ್ಮು ಅವಳಿಗೆ ದಿನಾ ಬರ್ತಿತ್ತು. ತಾಯಿ ಕೈ ಸುಮ್ನೆ ಇರ್ತದಾ ಅಮ್ಮಾ? ನಿಮ್ಮಿಂದ ಏನೂ ಆಗಿಲ್ಲ."

ಇದನ್ನು ಓದುವವರಿಗೆ ಒಂದು ವಿಷಯ ಗೊತ್ತಿದೆ. ಆ ವಾರ್ಡಿನಲ್ಲಿ ನನ್ನ ತಲೆ ಎಡಕ್ಕೇ ತಿರುಗಿರುತ್ತಿತ್ತು. ನೋಡಲು ನನಗೆ ಆ ಹಾಸಿಗೆ ಬಿಟ್ಟರೆ ಬೇರೇನೂ ಇರಲಿಲ್ಲ. ನಸೀಮಕ್ಕ ಮಗಳ ತುಟಿಗೆ ಒದ್ದೆ ಹತ್ತಿಯನ್ನು ಸವರುವಾಗಲೂ ಮೊದಲು ಅದನ್ನು ಹಿಂಡಿ, ಹನಿ ಬೀಳುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಒಂದು ದಿನ, ಒಂದೇ ಒಂದು ದಿನವೂ, ಆಕೆ ಆ ಬಾಯಿಗೆ ಒಂದು ತೊಟ್ಟು ಹಾಕಿದ್ದನ್ನು ನಾನು ಕಂಡಿಲ್ಲ.

ಅತ್ತೆ ನನ್ನ ಕಡೆ ತಿರುಗಿದರು. "ನೀ ಅಲ್ಲೇ ಇದ್ದಲ್ಲ ಮಣಿ. ನೀ ನೋಡಿದ್ಯಾ? ನಿಜವಾ?"

ನಸೀಮಕ್ಕ ನನ್ನನ್ನು ನೋಡಲಿಲ್ಲ. ಬಟ್ಟೆಯ ಅಂಚನ್ನೇ ನೋಡುತ್ತಿದ್ದರು.

"ಹೂಂ ಕಣತ್ತೆ," ಅಂದೆ. "ದಿನಾ ನೋಡ್ತಿದ್ದೆ."

ಅತ್ತೆ ಗೋಡೆ ಹಿಡಿದುಕೊಂಡು ನೆಲಕ್ಕೆ ಕುಸಿದರು. ಇಷ್ಟು ದಿನ ಹಿಡಿದಿಟ್ಟದ್ದೆಲ್ಲ ಆ ಮನೆಯಲ್ಲಿ ಹೊರಗೆ ಬಂತು, ಊರಲ್ಲಿ ಒಂದು ದಿನವೂ ಹಾಗೆ ಅತ್ತವರಲ್ಲ. ನನ್ನ ಪಾದ ಸರಿಯಿಲ್ಲ, ಬಗ್ಗಿ ಎಬ್ಬಿಸಲು ಆಗಲಿಲ್ಲ. ಶಬಾನಾಳ ತಾಯಿಯೇ ಎದ್ದು ಬಂದು, ಅವರ ಪಕ್ಕದಲ್ಲಿ ಕೂತು, ಬೆನ್ನು ಸವರುತ್ತಾ, ಇರಲಿ ಅಮ್ಮಾ, ಇರಲಿ, ಅಂದರು.